ರೈತರ ಮಕ್ಕಳೂ ಕಾಲೇಜು ವಿದ್ಯೆಯೂ: ಸುದ್ದಗುಂಟೆಪಾಳ್ಯದ ನೆರೆಯ ಒಂದು ದೃಷ್ಟಾಂತ

ಹೈಸ್ಕೂಲು ವಿದ್ಯಾಭ್ಯಾಸವನ್ನು ಮುಗಿಸಿದ ಮಕ್ಕಳನ್ನು ಮುಂದೆ ಯಾವ ಕಾಲೇಜಿಗೆ ಕಳುಹಿಸಬೇಕೆಂಬುದು ಜಮೀನುಳ್ಳ ಪ್ರತಿಯೊಂದು ಸಂಸಾರದಲ್ಲಿಯೂ ಒಂದಲ್ಲ ಒಂದು ಕಾಲದಲ್ಲಿ ಏಳತಕ್ಕ ಪ್ರಶ್ನೆಯಾಗಿದೆ. ಸಾಮಾನ್ಯವಾಗಿ ಕಾಲೇಜಿನ ಹೆಸರು, ಅದಿರುವ ಪಟ್ಟಣ, ನೆಂಟರಿಷ್ಟರ ಮಕ್ಕಳು ಓದಿದ ಸ್ಥಳ, ಇವುಗಳನ್ನು ಮೊದಲು ವಿಚಾರಿಸುವುದುಂಟು. ಅಲ್ಲಿ ಏನನ್ನು ಕಲಿಸುತ್ತಾರೆ, ಕಲಿತದ್ದು ಹೊಲಕ್ಕೂ ಕೊಟ್ಟಿಗೆಗೂ ಯಾವ ಪ್ರಯೋಜನಕ್ಕೆ ಬರುತ್ತದೆ ಎಂಬುದನ್ನು ಕಡೆಗೆ ವಿಚಾರಿಸುತ್ತಾರೆ, ಇಲ್ಲವೆ ವಿಚಾರಿಸುವುದೇ ಇಲ್ಲ. ಈ ಕ್ರಮವು ತಲೆಕೆಳಗಾದುದೆಂಬುದಕ್ಕೆ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಒಳ್ಳೆಯ ದೃಷ್ಟಾಂತವಿದೆ.

ಹೊಸೂರು ರಸ್ತೆಗೂ ಬನ್ನೇರುಘಟ್ಟ ರಸ್ತೆಗೂ ನಡುವೆ ಸುದ್ದಗುಂಟೆಪಾಳ್ಯವೆಂಬ ಊರಿದೆ. ಹಿಂದೆ ಪಟ್ಟಣದ ಹೊರಗಿದ್ದ ಈ ಹಳ್ಳಿಯು ಈಗ ಪಟ್ಟಣದೊಳಗೆ ಸೇರಿಹೋಗಿದೆ. ನೆರೆಯ ಬಿ.ಟಿ.ಎಂ. ಬಡಾವಣೆಯ ಹೆಸರಿನಲ್ಲಿ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳು ಮಾತ್ರ ಉಳಿದಿವೆ. ಊರಿನ ಪಕ್ಕದಲ್ಲಿ 1969ರಲ್ಲಿ ಕ್ರೈಸ್ಟ್ ಕಾಲೇಜು ಸ್ಥಾಪಿತವಾಯಿತು. 2008ರಲ್ಲಿ ಅದಕ್ಕೆ ವಿಶ್ವವಿದ್ಯಾನಿಲಯದ ಅಂತಸ್ತು ದೊರೆಯಿತು. ಈ ಭಾಗದಲ್ಲಿ ಕಾಲೇಜೆಂದೊಡನೆ ಜನರಿಗೆ ತೋರುವುದು ಅದೇ. ಆದರೆ ಅದಕ್ಕೂ 46 ವರ್ಷಗಳ ಮೊದಲೇ ನೆರೆಯ ಆಡುಗೋಡಿಯಲ್ಲಿ ರೈತನ ಕಸುಬನ್ನೇ ಪಾಠವಾಗಿ ಕಲಿಸತಕ್ಕ ಸಂಸ್ಥೆಯೊಂದು ಇತ್ತೆಂಬುದನ್ನು ಬಲ್ಲವರು ಕಡಮೆ.

1923ರಲ್ಲಿ ಆರಂಭವಾದ ಆ ಸಂಸ್ಥೆಗೆ ಇಂಪೀರಿಯಲ್ ಪಶುಪಾಲನೆ ಮತ್ತು ಹೈನುಗಾರಿಕೆ ಸಂಸ್ಥೆಯೆಂದು ಹೆಸರು. ಹಸುಗಳ ಪೋಷಣೆ, ತಳಿಯ ಆಯ್ಕೆ, ಹಾಲನ್ನು ಕೆಡದಂತೆ ಕಾಪಾಡುವ ಬಗೆ, ಬೆಣ್ಣೆ ತೆಗೆಯುವ ಯಂತ್ರಗಳು ಮುಂತಾದ ವಿಷಯಗಳನ್ನು ಪುಸ್ತಕದಿಂದಲೂ ಕೊಟ್ಟಿಗೆಯಲ್ಲಿ ಕೈಯಾರೆ ಮಾಡಿಸುವುದರಿಂದಲೂ ಕಲಿಸಿ, ಹೈನುಗಾರಿಕೆಯ ಡಿಪ್ಲೊಮಾವನ್ನು ಕೊಡುತ್ತಿದ್ದರು. 1927ರಲ್ಲಿ ಮಹಾತ್ಮಾ ಗಾಂಧಿಯವರು ದೇಹಾರೋಗ್ಯಕ್ಕಾಗಿ ಬೆಂಗಳೂರಿನಲ್ಲಿ ತಂಗಿದ್ದಾಗ ಇಲ್ಲಿಗೆ ಬಂದು ಗೋಪಾಲನೆಯ ಕ್ರಮಗಳನ್ನು ತಿಳಿದುಕೊಂಡರು. ಸ್ವಾತಂತ್ರ್ಯಾನಂತರ ಇದು ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಾಯಿತು. 1955ರಲ್ಲಿ ಅದರ ಮುಖ್ಯ ಕಚೇರಿಯು ಕರ್ನಾಲಿಗೆ ಹೋಗಲು, ಆಡುಗೋಡಿಯದು ದಕ್ಷಿಣ ಪ್ರಾಂತಕ್ಕೆ ಸೇರಿದ ಕೇಂದ್ರವಾಗಿ ನಿಂತಿತು.

ಇಲ್ಲಿ ಕೆಲವು ತಿಂಗಳು ತರಬೇತು ಪಡೆದವರಲ್ಲಿ ವರ್ಗೀಸ್ ಕುರಿಯನ್ನರೂ ಒಬ್ಬರು. ಕಲ್ಲಿಕೋಟೆಯಲ್ಲಿ ಜನಿಸಿದ ಅವರು ಮದರಾಸಿನ ಲಯೋಲ ಕಾಲೇಜಿನಲ್ಲಿ ಭೌತಶಾಸ್ತ್ರವನ್ನೂ ಗಿಂಡಿಯಲ್ಲಿ ಇಂಜಿನಿಯರಿಂಗನ್ನೂ ಓದಿದ್ದರು. ಹೈನುಗಾರಿಕೆಯು ಅವರು ತಾವಾಗಿ ಇಚ್ಛಿಸಿದ ವಿಷಯವಲ್ಲ. ಸರ್ಕಾರದ ವಿದ್ಯಾರ್ಥಿವೇತನವು ಆ ವಿಷಯಕ್ಕೆ ದೊರೆತುದರಿಂದ ಅದನ್ನು ಹಿಡಿಯಬೇಕಾಯಿತು. ಬೆಂಗಳೂರಿನಿಂದ ಅವರು ಅಮೆರಿಕದ ಮಿಚಿಗನ್ನಿಗೆ ಹೋಗಿ, ಹಿಂದಿರುಗಿದ ಮೇಲೆ 1949ರಲ್ಲಿ ಗುಜರಾತಿನ ಆನಂದಕ್ಕೆ ಬಂದರು. ಅಲ್ಲಿ ರೈತರ ಹಾಲಿನ ಸಹಕಾರ ಸಂಘಕ್ಕೆ ಬೇಕಾಗಿದ್ದುದು ಯಂತ್ರವನ್ನೂ ಹಾಲನ್ನೂ ಎರಡನ್ನೂ ಬಲ್ಲವರು. ಮಿಚಿಗನ್ನಿನಲ್ಲಿಯೇ ಓದಿದ್ದ ಎಚ್. ಎಂ. ದಲಾಯರ ಕೌಶಲದಿಂದ ಎಮ್ಮೆಹಾಲನ್ನು ಪುಡಿ ಮಾಡುವುದು ಅಲ್ಲಿ ಸಾಧ್ಯವಾಯಿತು. ಆನಂದದ ಮಾದರಿಯೇ ಮುಂದೆ ಕರ್ನಾಟಕದ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಂಘಗಳಾಗಿ ಹರಡಿತು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಲವು ಈಗಿನ ರೂಪವನ್ನು ಪಡೆಯಿತು. ಸುದ್ದಗುಂಟೆಪಾಳ್ಯದ ಅಂಚಿನಲ್ಲಿರುವ ಡೈರಿ ವೃತ್ತಕ್ಕೆ ಹೆಸರು ಬಂದುದು ಅಲ್ಲಿರುವ ಬೆಂಗಳೂರು ಡೈರಿಯಿಂದಲೇ.

ಬೇಸಾಯದ ವಿದ್ಯೆಯ ಕಥೆಯೂ ಇದೇ ರೀತಿಯದು. ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಟೊರಾಂಟೊದಲ್ಲಿಯೂ ಜರ್ಮನಿಯ ಗಾಟಿಂಗೆನ್ನಿನಲ್ಲಿಯೂ ವ್ಯಾಸಂಗ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಗೊನೆಗೆ ಸಿಂಪಡಿಸುವ ಪದ್ಧತಿಯು ಮಲೆನಾಡಿನಲ್ಲಿ ನೆಲೆಯಾದುದು ಅವರ ಪರಿಶ್ರಮದಿಂದ. ಅವರ ಕಾಲದಲ್ಲಿ, 1913ರಲ್ಲಿ, ಹೆಬ್ಬಾಳದಲ್ಲಿ ವ್ಯವಸಾಯ ಶಾಲೆ ತೆರೆಯಿತು. 1946ರಲ್ಲಿ ಅಲ್ಲಿ ಕಾಲೇಜೂ 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವೂ ಆದವು. ಧಾರವಾಡದ ಕೃಷಿ ಕಾಲೇಜು 1947ರದು. ಗಾಟಿಂಗೆನ್ನಿನ ಓದು ತೀರ್ಥಹಳ್ಳಿಯ ಅಡಕೆ ಗೊನೆಯನ್ನು ಕಾಪಾಡಿತೆಂದರೆ, ವಿದ್ಯೆಯ ಬೆಲೆಯು ಕಲಿತ ಊರಿನ ದೂರದಲ್ಲಿಲ್ಲ, ತಂದು ಪ್ರಯೋಗಿಸಿದ ಕೆಲಸದಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ಪಟ್ಟಣವು ಹಬ್ಬುತ್ತಿರುವ ಕಡೆಗಳಲ್ಲಿ ಈ ಮಾತು ಇನ್ನೂ ಮುಖ್ಯವಾದುದು. ಸುದ್ದಗುಂಟೆಪಾಳ್ಯದ ಸುತ್ತಣ ಹೊಲಗಳಿಗೆ ಬಂದ ಗತಿಯೇ ಇಂದು ಆನೇಕಲ್, ದೇವನಹಳ್ಳಿ ಕಡೆಯ ಹೊಲಗಳಿಗೂ ಬರುತ್ತಿದೆ. ಭೂಮಿಗೆ ಬಂದ ಪರಿಹಾರದ ಹಣವು ಕರಗುವುದಕ್ಕೆ ಹೆಚ್ಚು ಕಾಲ ಬೇಕಿಲ್ಲ. ಹೋದ ಭೂಮಿಯು ಮರಳುವುದಿಲ್ಲ. ಕಸುಬನ್ನು ಶಾಸ್ತ್ರೀಯವಾಗಿ ಬಲ್ಲ ಮಕ್ಕಳಾದರೋ ಉಳಿದ ಎರಡು ಎಕರೆಯಲ್ಲಿಯೂ ನಾಲ್ಕು ಹಸುಗಳಿಂದಲೂ ಸಂಸಾರವನ್ನು ನಡೆಸಬಲ್ಲರು, ಇಲ್ಲವೆ ಆ ವಿದ್ಯೆಯಿಂದಲೇ ಉದ್ಯೋಗವನ್ನು ಪಡೆಯಬಲ್ಲರು.

ಆದುದರಿಂದ ಗ್ರಾಮದ ಮುಖ್ಯಸ್ಥರೂ ಹಿಡುವಳಿದಾರರೂ ಗಮನಿಸತಕ್ಕ ಅಂಶಗಳು ಹೀಗಿವೆ. ಮೊದಲನೆಯದಾಗಿ, ನಿರ್ಧಾರವನ್ನು ಎಸ್.ಎಸ್.ಎಲ್.ಸಿ. ಮುಗಿದೊಡನೆ ಮಾಡತಕ್ಕದ್ದು. ಬೇಸಾಯ, ಪಶುವೈದ್ಯ, ಹೈನುಗಾರಿಕೆಗಳ ಪದವಿಗೆ ಪಿ.ಯು.ಸಿ.ಯಲ್ಲಿ ವಿಜ್ಞಾನ ವಿಭಾಗವು ಅವಶ್ಯಕ. ಬೇರೆ ವಿಭಾಗವನ್ನು ಹಿಡಿದ ಮೇಲೆ ಪಶ್ಚಾತ್ತಾಪ ಪಟ್ಟು ಫಲವಿಲ್ಲ. ಎರಡನೆಯದಾಗಿ, ಕೃಷಿ ಪದವಿಗಳ ಪ್ರವೇಶದಲ್ಲಿ ವ್ಯವಸಾಯಗಾರರ ಮಕ್ಕಳಿಗೆ ಪ್ರತ್ಯೇಕ ಪಾಲಿದೆ. ಅದಕ್ಕೆ ಪ್ರಮಾಣಪತ್ರಗಳನ್ನು ಕಾಲಕ್ಕೆ ಸರಿಯಾಗಿ ಮಾಡಿಸಿಡಬೇಕು. ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬಿತ್ತನೆಯ ಬೀಜವನ್ನೂ ಬೇಸಾಯದ ಸಲಕರಣೆಯನ್ನೂ ಗುರುತಿಸಲಾರದ ರೈತನ ಮಗನಿಗೆ ಆ ಪಾಲು ದಕ್ಕುವುದು ಕಷ್ಟ. ಆದ್ದರಿಂದ ಓದುವ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುವುದನ್ನು ಬಿಡಬಾರದು. ಮೂರನೆಯದಾಗಿ, ಪದವಿಗೆ ಹೋಗಲಾಗದವರಿಗೆ ಎಸ್.ಎಸ್.ಎಲ್.ಸಿ. ಆದ ಮೇಲೆ ಕನ್ನಡದಲ್ಲಿಯೇ ಕಲಿಯತಕ್ಕ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ. ಕಡೆಯದಾಗಿ, ಈ ವಿದ್ಯೆಯನ್ನು ಗಂಡುಮಕ್ಕಳಿಗೆ ಮಾತ್ರವೆಂದು ಎಣಿಸಕೂಡದು. ಹಾಲು ಕರೆಯುವುದೂ ಕರುಗಳನ್ನು ಸಾಕುವುದೂ ಬಹುಮಟ್ಟಿಗೆ ಹೆಂಗಸರ ಕೈಯಲ್ಲಿರುವಾಗ, ಅದರ ಶಾಸ್ತ್ರವು ಮನೆಯ ಹೆಣ್ಣುಮಗಳಿಗೆ ತಿಳಿದರೆ ಲಾಭವು ನೇರವಾಗಿ ಕೊಟ್ಟಿಗೆಗೇ ಸಲ್ಲುತ್ತದೆ.

ಪರೀಕ್ಷೆಯ ಫಲಿತಾಂಶವು ಪ್ರಕಟವಾಗುವುದಕ್ಕೆ ಮುಂಚೆಯೇ ಮುಖ್ಯಸ್ಥರು ಹಾಲಿನ ಸಂಘದ ಕಟ್ಟಡದಲ್ಲಿ ಊರಿನವರನ್ನು ಕೂಡಿಸಿ, ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳನ್ನು ಬರಮಾಡಿಕೊಂಡು, ಈ ಸಂಗತಿಗಳನ್ನು ಎಲ್ಲರಿಗೂ ತಿಳಿಯಪಡಿಸುವುದು ಉತ್ತಮ.