ಸಿಂಪ್ಸನ್ ಮರಳುಗಾಡಿನಲ್ಲಿ ಫ್ರಿಜ್ ಓಡಿಸುವ ಲೆಕ್ಕ

ಆಸ್ಟ್ರೇಲಿಯಾದ ನಡುಮಧ್ಯದಲ್ಲಿರುವ ಸಿಂಪ್ಸನ್ ಮರಳುಗಾಡು ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪವೇ ಚಿಕ್ಕದು. ಸಾವಿರಕ್ಕೂ ಹೆಚ್ಚು ಕೆಂಪು ಮರಳದಿಬ್ಬಗಳು ಅಲ್ಲಿ ಒಂದರ ಹಿಂದೆ ಒಂದು ಸಾಲುಗಟ್ಟಿ ನಿಂತಿವೆ. ಪಶ್ಚಿಮದ ಮೌಂಟ್ ಡೇರ್‌ನಿಂದ ಹೊರಟು ಪೂರ್ವದ ಬರ್ಡ್ಸ್‌ವಿಲ್ ಮುಟ್ಟುವ ತನಕ ದಾರಿಯಲ್ಲಿ ಅಂಗಡಿ ಇಲ್ಲ, ಪೆಟ್ರೋಲ್ ಬಂಕ್ ಇಲ್ಲ. 1962ರಲ್ಲಿ ಭೂವಿಜ್ಞಾನಿ ರೆಜ್ ಸ್ಪ್ರಿಗ್ ತಮ್ಮ ಪತ್ನಿ ಗ್ರಿಸೆಲ್ಡಾ ಮತ್ತು ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮೊದಲ ಬಾರಿಗೆ ಮೋಟಾರು ಗಾಡಿಯಲ್ಲಿ ಇದನ್ನು ದಾಟಿದರು. ಈಗ ಪ್ರತಿ ಚಳಿಗಾಲವೂ ಫೋರ್ ವ್ಹೀಲ್ ಡ್ರೈವ್ ಗಾಡಿಗಳ ಸಾಲು ಈ ದಿಬ್ಬಗಳನ್ನು ಏರಿ ಇಳಿಯುತ್ತದೆ. ಬೇಸಿಗೆಯಲ್ಲಿ ಆ ದಾರಿ ಬಂದ್. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ದಕ್ಷಿಣ ಆಸ್ಟ್ರೇಲಿಯಾ ಸರ್ಕಾರ ಅಲ್ಲಿಗೆ ಯಾರನ್ನೂ ಬಿಡುವುದಿಲ್ಲ. ಮರಳುಗಾಡಿನ ನೈರುತ್ಯಕ್ಕಿರುವ ಊಡ್ನಡಾಟಾ ಊರಿನಲ್ಲಿ 1960ರ ಜನವರಿಯಲ್ಲಿ 50.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ ಎಂದರೆ ಕಾರಣ ಬೇರೆ ಹೇಳಬೇಕಾಗಿಲ್ಲ.

ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಒಂದು ಫ್ರಿಜ್, ಅದಕ್ಕೆಂದೇ ಪ್ರತ್ಯೇಕವಾದ ಎರಡನೇ ಬ್ಯಾಟರಿ, ಟಾಪಿನ ಮೇಲೆ ಸೋಲಾರ್ ಪ್ಯಾನೆಲ್ ಇರುತ್ತವೆ. ಫ್ರಿಜ್‌ನಲ್ಲಿ ಹಾಲು, ತರಕಾರಿ, ಮಾಂಸ, ಕೆಲವರದ್ದರಲ್ಲಿ ಇನ್ಸುಲಿನ್. ಹೊಸದಾಗಿ ಹೊರಡುವವರು ಮೊದಲು ಕೇಳುವುದು ‘ಎಷ್ಟು ವ್ಯಾಟಿನ ಪ್ಯಾನೆಲ್ ಹಾಕಿಸಲಿ’ ಎಂದು. ನನ್ನ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಫ್ರಿಜ್ ತಂಪನ್ನು ತಯಾರಿಸುವ ಯಂತ್ರವಲ್ಲ, ಒಳಗೆ ನುಸುಳಿದ ಶಾಖವನ್ನು ಎತ್ತಿ ಹೊರಗೆ ಹಾಕುವ ಯಂತ್ರ. ಎಷ್ಟು ಶಾಖ ನುಸುಳುತ್ತದೆ ಎಂಬುದು ಗೊತ್ತಾಗದೆ ಉಳಿದ ಯಾವ ಲೆಕ್ಕವೂ ಕೂಡಿಬರುವುದಿಲ್ಲ.

ತಂಪಿನ ಚರಿತ್ರೆಯಲ್ಲಿ ಆಸ್ಟ್ರೇಲಿಯಾಕ್ಕೆ ದೊಡ್ಡ ಪಾಲಿದೆ. 1850ರ ದಶಕದಲ್ಲಿ ಜೀಲಾಂಗ್ ಊರಿನ ಪತ್ರಿಕಾ ಸಂಪಾದಕ ಜೇಮ್ಸ್ ಹ್ಯಾರಿಸನ್ ಮಂಜುಗಡ್ಡೆ ಮಾಡುವ ಯಂತ್ರ ಕಟ್ಟಿದರು. ಅಚ್ಚಿನ ಮೊಳೆಗಳನ್ನು ಈಥರ್‌ನಿಂದ ಒರೆಸುವಾಗ ಲೋಹ ತಣ್ಣಗಾಗುವುದು ಅವರ ಗಮನ ಸೆಳೆಯಿತು ಎಂದು ಹೇಳುತ್ತಾರೆ. ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಆ ಆವಿಯನ್ನು ಒತ್ತಿ ಹಿಂಡಿದರೆ ಅದು ಬಿಸಿಯೇರುತ್ತದೆ, ಹೀರಿದ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಹ್ಯಾರಿಸನ್ ಅವರ ಯಂತ್ರ ಈ ಸುತ್ತನ್ನು ಮುಚ್ಚಿದ ಕೊಳವೆಯೊಳಗೆ ನಡೆಸುತ್ತಿತ್ತು. 1890ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಗಣಿಗಳ ಕೂಲ್‌ಗಾರ್ಡಿಯಲ್ಲಿ ಇನ್ನೂ ಸರಳವಾದ ಉಪಾಯವೊಂದು ಬಂತು. ಕಪಾಟಿನ ಸುತ್ತ ಗೋಣಿತಾಟು ಇಳಿಬಿಟ್ಟು, ಮೇಲೊಂದು ನೀರಿನ ತಟ್ಟೆ ಇಟ್ಟು, ತಾಟು ಸದಾ ಒದ್ದೆಯಾಗಿರುವಂತೆ ನೋಡಿಕೊಳ್ಳುವುದು. ಬೇಸಿಗೆಯಲ್ಲಿ ನಮ್ಮ ಮನೆಗಳ ಮಣ್ಣಿನ ಹೂಜಿಗೆ ಒದ್ದೆ ಬಟ್ಟೆ ಸುತ್ತುವ ಹಾಗೆಯೇ. ಒಣ ಹವೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಮಾಂಸವನ್ನು 4 ಡಿಗ್ರಿಯಲ್ಲಿ ಇಡಲು ಇದರಿಂದ ಆಗದು.

ಇವತ್ತಿನ ಗಾಡಿಗೆ ಹೊಂದುವುದು 12 ವೋಲ್ಟಿನಲ್ಲಿ ನಡೆಯುವ ಕಂಪ್ರೆಸರ್ ಫ್ರಿಜ್. ಕಡಿಮೆ ಬೆಲೆಗೆ ಸಿಗುವ ‘ಕೂಲರ್ ಬಾಕ್ಸ್’ಗಳು ಪೆಲ್ಟಿಯೇ ಪರಿಣಾಮದವು. ಎರಡು ಬಗೆಯ ವಾಹಕಗಳ ಸಂಧಿಯಲ್ಲಿ ವಿದ್ಯುತ್ ಹರಿದಾಗ ಒಂದು ಬದಿ ತಣ್ಣಗಾಗುತ್ತದೆ ಎಂದು 1834ರಲ್ಲಿ ಕಂಡುಕೊಂಡವರು ಫ್ರಾನ್ಸಿನ ಜೀನ್ ಪೆಲ್ಟಿಯೇ. ಅವು ಹೊರಗಿನ ಹವೆಗಿಂತ ಸುಮಾರು 20 ಡಿಗ್ರಿ ಮಾತ್ರ ಕೆಳಗಿಳಿಯುತ್ತವೆ, ಬಹಳಷ್ಟು ಮಾದರಿಗಳು ಎಡೆಬಿಡದೆ ವಿದ್ಯುತ್ ಕುಡಿಯುತ್ತವೆ. ಮರಳುಗಾಡಿಗೆ ಅವು ಬೇಡ. ಗ್ಯಾಸಿನಿಂದ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್ ಸಮತಟ್ಟಾಗಿ ನಿಂತರಷ್ಟೇ ಸರಿಯಾಗಿ ನಡೆಯುವುದು, ದಿಬ್ಬ ಹತ್ತುವ ಗಾಡಿಗೆ ಅದೂ ಆಗಿಬರದು.

ಈಗ ಶಾಖದ ಲೆಕ್ಕಕ್ಕೆ ಬರೋಣ. 40 ಲೀಟರಿನ ಪೆಟ್ಟಿಗೆ, ಸುತ್ತಲೂ 4 ಸೆಂ.ಮೀ. ದಪ್ಪದ ಪಾಲಿಯುರೆಥೇನ್ ಫೋಮು ಎಂದು ಇಟ್ಟುಕೊಳ್ಳಿ. ಒಳಗೂ ಹೊರಗೂ ಇರುವ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು ಅರ್ಧ ವ್ಯಾಟ್ ಶಾಖ ಗೋಡೆ ದಾಟಿ ಒಳಗೆ ಬರುತ್ತದೆ. ಹೊರಗೆ 30 ಡಿಗ್ರಿ, ಒಳಗೆ 4 ಡಿಗ್ರಿ ಇದ್ದರೆ 13 ವ್ಯಾಟ್. ಅದೇ ಗಾಡಿಯನ್ನು ಕಿಟಕಿ ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದರೆ ಒಳಗಿನ ಗಾಳಿ 60 ಡಿಗ್ರಿಯವರೆಗೂ ಹೋಗಬಲ್ಲದು. ಆಗ ನುಸುಳುವ ಶಾಖ 28 ವ್ಯಾಟ್. ಅಷ್ಟಕ್ಕೇ ಮುಗಿಯಲಿಲ್ಲ. ಸುತ್ತಲಿನ ಗಾಳಿ ಕಾದಷ್ಟೂ ಅದಕ್ಕೆ ಶಾಖವನ್ನು ಬಿಟ್ಟುಕೊಡುವುದು ಕಂಪ್ರೆಸರ್‌ಗೆ ಕಷ್ಟ. ಹೀಗಾಗಿ ಶಾಖ ಎರಡು ಪಟ್ಟಾದರೆ ವಿದ್ಯುತ್ತಿನ ಖರ್ಚು ಅದಕ್ಕೂ ಮೀರಿ ಏರುತ್ತದೆ. ಫ್ರಿಜ್‌ನ ಸುತ್ತ ಗಾಳಿಯಾಡಲು ಜಾಗ ಬಿಡದೆ ಹಾಸಿಗೆ, ಚೀಲಗಳನ್ನು ಒತ್ತಿ ತುಂಬಿದರೂ ಇದೇ ಪಾಡು. ಜಾಗ ಬಿಟ್ಟು, ನೆರಳಿನಲ್ಲಿ ನಿಲ್ಲಿಸಿ, ತಯಾರಕರೇ ಕೊಡುವ ಹೊದಿಕೆ ಹಾಕಿದರೆ ಬೆಚ್ಚನೆಯ ದಿನವೊಂದಕ್ಕೆ ಸುಮಾರು 400 ವ್ಯಾಟ್-ಅವರ್ ಸಾಕಾದೀತು. ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಇದು ಅರ್ಧ ಯೂನಿಟ್ಟೂ ಅಲ್ಲ.

ಮುಚ್ಚಳ ತೆಗೆದರೆ ತಂಪೆಲ್ಲ ಹೊರಟುಹೋಗುತ್ತದೆ ಎಂಬ ಭಯ ಬಹಳ ಜನಕ್ಕಿದೆ. ಮೇಲಿನಿಂದ ತೆರೆಯುವ ಪೆಟ್ಟಿಗೆಯಲ್ಲಿ ಭಾರವಾದ ತಣ್ಣನೆಯ ಗಾಳಿ ತಳದಲ್ಲೇ ಉಳಿಯುತ್ತದೆ. ಒಂದು ವೇಳೆ ಅಷ್ಟೂ ಗಾಳಿ ಹೊರಹೋಗಿ 35 ಡಿಗ್ರಿಯ ಒಣ ಗಾಳಿ ತುಂಬಿಕೊಂಡಿತು ಎನ್ನಿ. 40 ಲೀಟರ್ ಗಾಳಿಯ ತೂಕ 50 ಗ್ರಾಂ ಕೂಡ ಇಲ್ಲ, ಅದನ್ನು 4 ಡಿಗ್ರಿಗೆ ಇಳಿಸಲು ಸುಮಾರು ಒಂದೂವರೆ ಕಿಲೋಜೌಲ್ ಶಾಖ ತೆಗೆದರೆ ಸಾಕು. ಆದರೆ ಅಷ್ಟೇ ಬಿಸಿಯ ಒಂದು ಲೀಟರ್ ನೀರಿನ ಬಾಟಲಿಯನ್ನು ಒಳಗಿಟ್ಟರೆ 130 ಕಿಲೋಜೌಲ್ ತೆಗೆಯಬೇಕು. ಅಂದರೆ ಒಂದು ಬಾಟಲಿಯ ಹೊರೆ ಎಂಬತ್ತು, ತೊಂಬತ್ತು ಸಲ ಮುಚ್ಚಳ ತೆಗೆದು ಹಾಕಿದ್ದಕ್ಕೆ ಸಮ! ಮಕ್ಕಳು ಮುಚ್ಚಳ ತೆಗೆದರೆಂದು ಗದರುವುದಕ್ಕಿಂತ, ತೆಗೆದ ಬಾಟಲಿಯ ಜಾಗಕ್ಕೆ ಯಾವ ಹೊತ್ತಿನಲ್ಲಿ ಹೊಸದನ್ನು ಇಡುತ್ತೇವೆ ಎಂಬುದನ್ನು ಗಮನಿಸುವುದು ಮೇಲು. ರಾತ್ರಿಯ ಚಳಿಯಲ್ಲಿ ಹೊರಗಿಟ್ಟು ತಣಿದ ಬಾಟಲಿಯನ್ನು ಬೆಳಗಿನ ಜಾವ ಒಳಗೆ ಸೇರಿಸಿದರೆ ಕೆಲಸದ ಬಹುಪಾಲನ್ನು ಮರಳುಗಾಡೇ ಮಾಡಿ ಮುಗಿಸಿರುತ್ತದೆ. ಹೊರಡುವ ಹಿಂದಿನ ದಿನ ಮನೆಯ ಕರೆಂಟಿನಲ್ಲೇ ಫ್ರಿಜ್ಜನ್ನೂ ಒಳಗಿನ ಸಾಮಾನನ್ನೂ ತಂಪು ಮಾಡಿಕೊಳ್ಳಬೇಕು ಎನ್ನುವುದೂ ಇದಕ್ಕೇ. 10 ಲೀಟರ್ ಬಿಸಿ ನೀರನ್ನು ದಾರಿಯಲ್ಲಿ ತಣಿಸಹೊರಟರೆ ಅರ್ಧ ದಿನದ ವಿದ್ಯುತ್ ಅದಕ್ಕೇ ಹೋಗುತ್ತದೆ. ಇನ್ಸುಲಿನ್ ಒಯ್ಯುವವರಿಗೆ ಒಂದು ಮಾತು: ಅದು 2ರಿಂದ 8 ಡಿಗ್ರಿಯೊಳಗೆ ಇರಬೇಕು, ಒಮ್ಮೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಈ ಪೆಟ್ಟಿಗೆಗಳ ತಳ ಮತ್ತು ಲೋಹದ ಗೋಡೆಯ ಪಕ್ಕ ತೀರಾ ತಣ್ಣಗಿರುತ್ತದೆ. ಔಷಧಿಯನ್ನು ಮೇಲಿನ ಬುಟ್ಟಿಯಲ್ಲಿಡಿ, ಪಕ್ಕದಲ್ಲೊಂದು ಥರ್ಮಾಮೀಟರ್ ಇಡಿ.

ಗಾಡಿಗೆ ಫ್ರಿಜ್ ಅಳವಡಿಸುವವರು ಹೆಚ್ಚಾಗಿ ಎಡವುವುದು ವೈರಿನಲ್ಲಿ. ಬ್ಯಾಟರಿ ಬಾನೆಟ್ಟಿನ ಕೆಳಗೆ, ಫ್ರಿಜ್ ಡಿಕ್ಕಿಯಲ್ಲಿ, ನಡುವೆ 6 ಮೀಟರ್. ಹೋಗಿ ಬರುವ ದಾರಿ ಸೇರಿ 12 ಮೀಟರ್. ಮನೆಯ ವೈರಿಂಗಿಗೆ ಬಳಸುವ ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರು ಎಳೆದರೆ ಅದರ ರೋಧ 0.14 ಓಮ್. ಫ್ರಿಜ್ 5 ಆಂಪಿಯರ್ ಎಳೆದಾಗ ವೈರಿನಲ್ಲೇ 0.7 ವೋಲ್ಟ್ ಕರಗುತ್ತದೆ. ಮನೆಯಲ್ಲಿ 230 ವೋಲ್ಟ್ ಇರುವಲ್ಲಿ ಇದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಅಷ್ಟೇ ಶಕ್ತಿ ಸಾಗಿಸಲು 12 ವೋಲ್ಟಿನಲ್ಲಿ 19 ಪಟ್ಟು ಹೆಚ್ಚು ಕರೆಂಟ್ ಬೇಕು, ವೈರಿನಲ್ಲಿ ಆಗುವ ನಷ್ಟವೋ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರಿ ಸುಮಾರು 370 ಪಟ್ಟಾಗುತ್ತದೆ.

ಇದರ ಫಲ ವಿಚಿತ್ರವಾಗಿ ಕಾಣಿಸಿಕೊಳ್ಳುತ್ತದೆ. ಅರ್ಧ ಖಾಲಿಯಾದ ಸೀಸ-ಆಮ್ಲ ಬ್ಯಾಟರಿಯಲ್ಲಿ 12.2 ವೋಲ್ಟ್ ಇದೆ. ಫ್ರಿಜ್ ಓಡತೊಡಗಿದಾಗ ಅದಕ್ಕೆ ತಲುಪುವುದು 11.5. ಬ್ಯಾಟರಿ ಪೂರ್ತಿ ಬರಿದಾಗದಿರಲಿ ಎಂದು ಫ್ರಿಜ್‌ನಲ್ಲಿ ಒಂದು ಕಾವಲು ಇರುತ್ತದೆ, ಅದನ್ನು ‘ಹೈ’ನಲ್ಲಿಟ್ಟರೆ ಹಲವು ಮಾದರಿಗಳು 11.8 ವೋಲ್ಟಿನ ಆಸುಪಾಸಿನಲ್ಲೇ ನಿಂತುಬಿಡುತ್ತವೆ. ನಿಂತೊಡನೆ ಕರೆಂಟ್ ಹರಿಯುವುದಿಲ್ಲ, ಕರೆಂಟ್ ಇಲ್ಲದಿದ್ದರೆ ವೈರಿನಲ್ಲಿ ನಷ್ಟವೂ ಇಲ್ಲ. ವೋಲ್ಟೇಜ್ ಮತ್ತೆ 12.2ಕ್ಕೆ ಜಿಗಿಯುತ್ತದೆ, ಫ್ರಿಜ್ ಮತ್ತೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಮೀಟರ್ ಹಿಡಿದು ಸಾಕೆಟ್ ಪರೀಕ್ಷಿಸಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಅವರು ಅಳೆದದ್ದು ಫ್ರಿಜ್ ನಿಂತಿದ್ದಾಗ. ತಪ್ಪು ಬ್ಯಾಟರಿಯದ್ದೆಂದು ತಿಳಿದು ಹೊಸದನ್ನು ಕೊಂಡವರೂ ಉಂಟು. ಅಳೆಯಬೇಕಾದದ್ದು ಕಂಪ್ರೆಸರ್ ಓಡುತ್ತಿರುವಾಗ, ಫ್ರಿಜ್‌ನ ಬಾಯಲ್ಲೇ. 6 ಸ್ಕ್ವೇರ್ ಎಂಎಂ ವೈರು ಹಾಕಿದರೆ ನಷ್ಟ ಕಾಲು ಭಾಗಕ್ಕೆ, ಅಂದರೆ 0.2 ವೋಲ್ಟಿಗಿಂತ ಕೆಳಗೆ ಇಳಿಯುತ್ತದೆ. ಸಿಗರೇಟ್ ಲೈಟರ್ ಸಾಕೆಟ್ಟಿನ ಬದಲು ಬಿಗಿಯಾಗಿ ಕಚ್ಚುವ ಆಂಡರ್ಸನ್ ಪ್ಲಗ್ ಹಾಕಿಸುವುದು ಒಳ್ಳೆಯದು, ಏರುಪೇರಿನ ಮಣ್ಣುರಸ್ತೆಯ ಅದುರಾಟಕ್ಕೆ ಮೊದಲನೆಯದು ಸಡಿಲವಾಗುತ್ತದೆ. ಅದೇ ಅದುರಾಟದಲ್ಲಿ ವೈರು ಚಾಸಿಗೆ ಉಜ್ಜಿ ಸಿಪ್ಪೆ ಸುಲಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿದು ಬೆಂಕಿ ಹತ್ತಿಸಬಲ್ಲದು. ಆದ್ದರಿಂದ ಫ್ಯೂಸು ಬ್ಯಾಟರಿಗೆ ತಾಗಿದಂತೆಯೇ ಇರಲಿ.

ಬ್ಯಾಟರಿಗಳಲ್ಲಿ ಈಗ ಲಿಥಿಯಂ ಐರನ್ ಫಾಸ್ಫೇಟ್‌ನ ಕಾಲ. ಈ ರಸಾಯನವನ್ನು ಜಗತ್ತಿಗೆ ತೋರಿಸಿದ್ದು ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಇನಫ್ 1997ರಲ್ಲಿ ಪ್ರಕಟಿಸಿದ ಪ್ರಬಂಧ. ಸೀಸ-ಆಮ್ಲದ ಬ್ಯಾಟರಿಯಲ್ಲಿ ಅರ್ಧದಷ್ಟನ್ನು ಮಾತ್ರ ಬಳಸಿದರೆ ಅದರ ಆಯುಸ್ಸಿಗೆ ಕ್ಷೇಮ, ಇದರಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಧಾರಾಳವಾಗಿ ಬಳಸಬಹುದು, ತೂಕವೂ ಅರ್ಧಕ್ಕಿಂತ ಕಡಿಮೆ. ಆದರೆ 0 ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಬಾರದು. ಆ ಚಳಿಯಲ್ಲಿ ಲಿಥಿಯಂ ಅಯಾನುಗಳು ಗ್ರಾಫೈಟಿನೊಳಗೆ ಸೇರಲಾರದೆ ಅದರ ಮೈಮೇಲೆ ಲೋಹವಾಗಿ ಕೂತುಬಿಡುತ್ತವೆ. ಸಿಂಪ್ಸನ್‌ನ ಜುಲೈ ರಾತ್ರಿಗಳು ಆ ಮಟ್ಟಕ್ಕೆ ಇಳಿಯುವುದುಂಟು. ಬ್ಯಾಟರಿಯನ್ನು ಹೊರಗಿನ ತೊಟ್ಟಿಯಲ್ಲಿಡದೆ ಗಾಡಿಯೊಳಗೇ ಇಡಿ.

ಪ್ಯಾನೆಲ್ಲಿನ ಮೇಲೆ 200 ವ್ಯಾಟ್ ಎಂದು ಬರೆದಿರುವುದು ಪ್ರಯೋಗಶಾಲೆಯ ಮಾತು. ಪ್ರತಿ ಚದರ ಮೀಟರಿಗೆ 1000 ವ್ಯಾಟ್ ಬೆಳಕು ನೇರ ಬೀಳಬೇಕು, ಕೋಶದ ಉಷ್ಣತೆ 25 ಡಿಗ್ರಿ ಇರಬೇಕು. ಕಾದ ಟಾಪಿನ ಮೇಲೆ ಕೋಶ 65, 70 ಡಿಗ್ರಿಗೆ ಏರಿದರೆ ಉತ್ಪಾದನೆ ನೂರಕ್ಕೆ ಹದಿನೈದರಷ್ಟು ಕುಸಿಯುತ್ತದೆ. ಟಾಪಿಗೇ ಅಂಟಿಸುವ ಬಾಗುವ ಪ್ಯಾನೆಲ್ ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ, ಅದರ ಅಡಿಯಲ್ಲಿ ಗಾಳಿ ಆಡುವುದಿಲ್ಲ. ಇನ್ನೊಂದು ನಷ್ಟ ಕೋನದ್ದು. ಜೂನ್ ಕೊನೆಯಲ್ಲಿ ಬರ್ಡ್ಸ್‌ವಿಲ್‌ನ ನಡುಮಧ್ಯಾಹ್ನದ ಸೂರ್ಯ ಉತ್ತರ ದಿಕ್ಕಿನಲ್ಲಿ 41 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಚಪ್ಪಟೆಯಾಗಿ ಮಲಗಿದ ಪ್ಯಾನೆಲ್ಲಿಗೆ ಬೆಳಕಿನ ಮೂರನೇ ಎರಡು ಭಾಗ ಮಾತ್ರ ದಕ್ಕುತ್ತದೆ. ಇದರ ಜತೆಗೆ ನೆರಳಿನ ಇಕ್ಕಟ್ಟು ಬೇರೆ: ಫ್ರಿಜ್‌ಗೆ ನೆರಳು ಬೇಕು, ಪ್ಯಾನೆಲ್ಲಿಗೆ ಬಿಸಿಲು ಬೇಕು, ಎರಡೂ ಇರುವುದು ಒಂದೇ ಗಾಡಿಯಲ್ಲಿ. ಕೋಶಗಳು ಸರಣಿಯಲ್ಲಿ ಜೋಡಿಸಲ್ಪಟ್ಟಿರುವುದರಿಂದ ಒಂದು ಕೊಂಬೆಯ ನೆರಳು ಬಿದ್ದರೂ ಪ್ಯಾನೆಲ್ಲಿನ ದೊಡ್ಡ ಭಾಗವೇ ಸುಮ್ಮನಾಗುತ್ತದೆ. ಟಾಪಿನದಕ್ಕಿಂತ ಮಡಚುವ ಪ್ಯಾನೆಲ್ ಒಳ್ಳೆಯದು ಎನ್ನುವ ಪಕ್ಷ ನನ್ನದು. ಗಾಡಿ ಮರದಡಿ ನಿಲ್ಲಲಿ, ಪ್ಯಾನೆಲ್ ಉದ್ದನೆಯ ದಪ್ಪ ವೈರಿನ ತುದಿಯಲ್ಲಿ ಉತ್ತರಕ್ಕೆ ಮುಖ ಮಾಡಿ ಬಿಸಿಲಿನಲ್ಲಿರಲಿ. ನಡುವೆ ಎಂಪಿಪಿಟಿ ಕಂಟ್ರೋಲರ್ ಇರಲಿ. ಪ್ಯಾನೆಲ್ಲಿನ 18, 20 ವೋಲ್ಟನ್ನು ಅದು ಬ್ಯಾಟರಿಯ ಮಟ್ಟಕ್ಕೆ ಇಳಿಸುವಾಗ ಹೆಚ್ಚುವರಿ ವೋಲ್ಟೇಜನ್ನು ಪೋಲು ಮಾಡದೆ ಕರೆಂಟಾಗಿ ಬದಲಿಸುತ್ತದೆ.

ದಿನವೂ ಗಾಡಿ ಓಡಿಸುವವರಿಗೆ ಪ್ಯಾನೆಲ್ಲೇ ಬೇಕಾಗದಿರಬಹುದು. ಆಲ್ಟರ್ನೇಟರಿಗೆ ಜೋಡಿಸಿದ 25 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಎರಡು ಗಂಟೆಯಲ್ಲಿ 600 ವ್ಯಾಟ್-ಅವರ್ ತುಂಬಿಸುತ್ತದೆ. ದಾರಿಯಲ್ಲಿ ಸಿಗುವ ಡಾಲ್ಹೌಸಿಯ ಬಿಸಿನೀರಿನ ಬುಗ್ಗೆಗಳ ಬಳಿ ಕೆಲವು ದಿನ ತಂಗುವವರಿಗೆ, ಮಳೆ ಬಿದ್ದು ದಾರಿ ಮುಚ್ಚಿ ಕಾದು ಕೂರಬೇಕಾದವರಿಗೆ ಬಿಸಿಲೇ ಗತಿ. 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು ಸುಮಾರು 1000 ವ್ಯಾಟ್-ಅವರ್, ಅಂದರೆ ಎರಡು ಮೋಡದ ದಿನ ನಿಶ್ಚಿಂತೆ. ಅಲ್ಲಿ ಚಳಿಗಾಲದ ಒಂದು ದಿನದ ಬಿಸಿಲು ಸುಮಾರು 4 ಗಂಟೆಯ ಪೂರ್ಣ ಬಿಸಿಲಿಗೆ ಸಮ. ನಷ್ಟಗಳನ್ನು ಕಳೆದು 200 ವ್ಯಾಟಿನ ಪ್ಯಾನೆಲ್ 600 ವ್ಯಾಟ್-ಅವರ್ ಕೊಟ್ಟರೆ, ಅದರಲ್ಲಿ 400 ಅಂದಿನ ಫ್ರಿಜ್‌ಗೇ ಹೋಗುತ್ತದೆ. ಉಳಿಯುವುದು 200. ಎರಡು ಮೋಡದ ದಿನಗಳ 800ರ ಕೊರತೆ ತುಂಬಲು ನಾಲ್ಕು ದಿನ ಬೇಕು. 300 ವ್ಯಾಟಿನ ಪ್ಯಾನೆಲ್ ತಂದರೆ ಎರಡು ದಿನದೊಳಗೆ ತುಂಬುತ್ತದೆ. ಪ್ಯಾನೆಲ್ ಬದಲಿಸದೆ, ರಾತ್ರಿ ತಣಿಸಿದ ಬಾಟಲಿಗಳಿಂದ ದಿನದ ಖರ್ಚನ್ನು 400ರಿಂದ 300ಕ್ಕೆ ಇಳಿಸಿದರೆ ಕೊರತೆಯೂ 600ಕ್ಕೆ ಇಳಿಯುತ್ತದೆ, ದಿನದ ಉಳಿತಾಯ 300ಕ್ಕೆ ಏರುತ್ತದೆ, ಅದೂ ಎರಡೇ ದಿನದಲ್ಲಿ ತುಂಬುತ್ತದೆ.