ಊರೊಳಗಿನ ಹೊಲ: ನೋಡುವವರಿಗೆ ತಂಪು, ದುಡಿಯುವವರಿಗೆ ಏನು?

ಕಳೆದ ವರ್ಷ ಕೃಷಿ ಮೇಳಕ್ಕೆಂದು ಬೆಂಗಳೂರಿಗೆ ಹೋಗಿದ್ದಾಗ, ಪದವಿ ತರಗತಿಯಲ್ಲಿ ನನ್ನ ಸಹಪಾಠಿಯಾಗಿದ್ದ ಬೀದರ್ ಜಿಲ್ಲೆಯ ಕಮಲನಗರದ ಸ್ನೇಹಿತರೊಬ್ಬರು ಜೊತೆಗೂಡಿದರು. ಅವರದು ತೊಗರಿ, ಜೋಳದ ಹೊಲ; ಕೊಟ್ಟಿಗೆಯಲ್ಲಿ ನಾಲ್ಕು ದೇವಣಿ ದನ. ಕಮಲನಗರ ತಾಲ್ಲೂಕು ಕೇಂದ್ರವಾದ ಮೇಲೆ ಮನೆಗಳು ಅವರ ಬದುವಿನವರೆಗೆ ಬಂದಿವೆ. ಸಂಜೆಯಾದರೆ ಜನ ಗಾಳಿ ಸೇವನೆಗೆ ಇವರ ಹೊಲಕ್ಕೇ ಬರುತ್ತಾರೆ.

“ಹಸಿರು ನೋಡಿ ಖುಷಿ ಪಡ್ತಾರ, ಹೋಗುವಾಗ ತೊಗರಿಕಾಯಿ ಹರ್ಕೊಂಡು ಹೋಗ್ತಾರ. ಗಾಳಿ ಅವರಿಗೆ, ಲುಕ್ಸಾನು ನಮಗ. ಪ್ಲಾಟು ಮಾಡಿ ಮಾರಿಬಿಡ್ಲೇನು?” ಎಂದು ಕೇಳಿದರು.

ಪೇಟೆಯ ಅಂಚಿನಲ್ಲಿ ಒಂದೆರಡು ಎಕರೆ ತೋಟವಿರುವ ನಮ್ಮ ಸದಸ್ಯರ ಪ್ರಶ್ನೆಯೂ ಇದೇ ಆದ್ದರಿಂದ, ಅಂದು ನಾವು ಮಾತಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಬ್ಬಾಳದ ಮೂವತ್ತು ಎಕರೆ

1899ರಲ್ಲಿ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಪ್ರಾಯೋಗಿಕ ಕೃಷಿಗಾಗಿ ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟರು. ಆಗ ಹೆಬ್ಬಾಳ ಬೆಂಗಳೂರಿನ ಹೊರಗಿನ ಹಳ್ಳಿ. ಅಲ್ಲಿ 1913ರಲ್ಲಿ ಕೃಷಿ ಶಾಲೆ, 1946ರಲ್ಲಿ ಕೃಷಿ ಕಾಲೇಜು ಬಂದವು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯವಾಯಿತು. ಮುಂದೆ ಬಳ್ಳಾರಿ ರಸ್ತೆಯಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಅಂದರೆ ಜಿ.ಕೆ.ವಿ.ಕೆ., ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಬೆಳೆಯಿತು. ಇಂದು ನಗರ ಅದನ್ನು ಸುತ್ತುವರಿದಿದೆ. ಗೇಟಿನ ಹೊರಗೆ ಲಾರಿ, ಬಸ್ಸುಗಳ ಸದ್ದು. ಒಳಗೆ ರಾಗಿ ಹೊಲ, ಮಾವು, ಹಲಸು.

ಈ ನಗರದ ಹೊಲಕ್ಕೂ ನಮ್ಮ ತೋಟಕ್ಕೂ ನಂಟಿದೆ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಡಾ. ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಕೊಳೆರೋಗದ ಮೂಲ ಹುಡುಕಿ, ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಯುವ ಕ್ರಮ ತೋರಿಸಿಕೊಟ್ಟರು. ಹೆಬ್ಬಾಳದ ಕೃಷಿ ಶಾಲೆಯ ಹಿಂದೆಯೂ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದ ಹಿಂದೆಯೂ ಅವರ ಶ್ರಮವಿತ್ತು.

ತಂಪು ಎಲ್ಲಿಂದ ಬರುತ್ತದೆ?

ಗೇಟು ದಾಟಿದೊಡನೆ ಸೆಖೆ ತಗ್ಗಿದ್ದು ನಮಗಿಬ್ಬರಿಗೂ ತಿಳಿಯಿತು. ಟಾರು, ಸಿಮೆಂಟು ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ಬಿಡುತ್ತವೆ. ಗಿಡಮರ ಬೇರಿನಿಂದ ನೀರೆತ್ತಿ ಎಲೆಯಿಂದ ಆವಿಯಾಗಿ ಬಿಡುವಾಗ ಸುತ್ತಲ ಗಾಳಿಯ ಕಾವು ಇಳಿಯುತ್ತದೆ. ನಮ್ಮ ಕಾಫಿ ತೋಟದ ನೆರಳಿನಲ್ಲಿ ನಡೆಯುವುದೂ ಇದೇ.

ನೀರಿನ ಲೆಕ್ಕ ಇದಕ್ಕಿಂತ ದೊಡ್ಡದು. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರು ನೀರು. ಬದು, ಕೃಷಿಹೊಂಡ ಇರುವ ಹೊಲದಲ್ಲಿ ಅದರ ಬಹುಪಾಲು ನೆಲಕ್ಕಿಳಿಯುತ್ತದೆ. ಸೈಟುಗಳಾದರೆ ಚರಂಡಿಗೆ ಹೋಗುತ್ತದೆ. ಹೊಲ ಮಾರಿಹೋದ ಮೇಲೆ ಪಕ್ಕದ ಬಡಾವಣೆಯ ಕೊಳವೆಬಾವಿ ಬತ್ತಿದರೆ ಆಶ್ಚರ್ಯಪಡಬೇಕಾಗಿಲ್ಲ.

ಹೊಲ ಉದ್ಯಾನವಲ್ಲ

ಆದರೆ ಈ ತಂಪಿಗೆ, ಈ ನೀರಿಗೆ ರೈತನಿಗೆ ಯಾರೂ ಬೆಲೆ ಕಟ್ಟಿ ಕೊಡುವುದಿಲ್ಲ. ವಿಶ್ವವಿದ್ಯಾಲಯದ ಹೊಲಕ್ಕೆ ಸರ್ಕಾರದ ಆಸರೆಯಿದೆ, ನಮಗಿಲ್ಲ. ಆದ್ದರಿಂದ ಊರೊಳಗಿನ ತೋಟ ಬರಿಯ ಹಸಿರೆಂದು ಉಳಿಯಲಾರದು. ಅದು ದುಡಿಯುವ ತೋಟವಾಗಿ, ಊರಿನಿಂದಲೇ ನಾಲ್ಕು ಕಾಸು ಗಳಿಸಿದರೆ ಮಾತ್ರ ಉಳಿದೀತು. ನನಗೆ ತೋಚಿದ ಕ್ರಮಗಳು ಇವು:

1. ಬರುವವರಿಗೆ ಬೇಲಿಯ ಪಕ್ಕ ಒಂದೇ ಕಾಲುದಾರಿ ಬಿಡಿ. ದಾರಿಯಿದ್ದರೆ ಜನ ಬೆಳೆ ತುಳಿಯುವುದು ಕಡಿಮೆ.

2. ಔಷಧಿ ಹೊಡೆಯುವ ದಿನ, ಕೊನೆ ಕೊಯ್ಯುವ ದಿನ ಗೇಟು ಮುಚ್ಚಿ, ಫಲಕ ತೂಗುಹಾಕಿ. ತೆರೆದ ಬಾವಿಗೆ ಕಟ್ಟೆ ಕಟ್ಟಿಸಿ.

3. ಬಾಳೆ, ವೀಳ್ಯದೆಲೆ, ಕಾಳುಮೆಣಸು, ತೆಂಗಿನಕಾಯಿ ಗೇಟಿನಲ್ಲೇ ಮಾರಾಟಕ್ಕಿಡಿ. ಮಂಡಿಗೆ ಸಾಗಿಸುವ ಖರ್ಚು ಉಳಿಯುತ್ತದೆ.

4. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಕರೆದು ಕೆಲಸ ತೋರಿಸಿ. ಬೆಳೆಗೆ ಎಷ್ಟು ಶ್ರಮವೆಂದು ಕಂಡ ಮಗು ಕಾಯಿ ಕೀಳಲಾರದು.

ಸ್ನೇಹಿತರು ಪ್ಲಾಟಿನ ವಿಚಾರವನ್ನು ಪೂರ್ತಿ ಬಿಟ್ಟಿಲ್ಲ. ಮಗಳ ಮದುವೆಯಿದೆ, ಅವರನ್ನು ದೂರಲಾರೆ. ಆದರೆ ಈ ಸಲ ಬದುವಿನ ಮೇಲೆ ದಾರಿ ಬಿಟ್ಟು, ಹಸಿ ತೊಗರಿಕಾಯಿಯನ್ನು ತೂಕಕ್ಕೆ ಹಾಕಿ ಮಾರಿದರಂತೆ. “ಹರ್ಕೊಂಡು ಹೋಗವ್ರೇ ಈಗ ರೊಕ್ಕ ಕೊಟ್ಟು ಒಯ್ತಾರ” ಎಂದು ಫೋನಿನಲ್ಲಿ ನಕ್ಕರು.

ಮಾರುವುದು, ಬಿಡುವುದು ಅವರವರ ಮನೆಯ ಕಷ್ಟಸುಖಕ್ಕೆ ಸೇರಿದ್ದು. ಆದರೆ ಸೈಟಾದ ನೆಲ ಮತ್ತೆ ತೋಟವಾಗುವುದಿಲ್ಲ. ಪೇಟೆಯಂಚಿನ ತೋಟದ ಸದಸ್ಯರು ಕರಾರಿಗೆ ರುಜು ಹಾಕುವ ಮೊದಲು ಒಮ್ಮೆ ಸಂಘದ ಕಚೇರಿಗೆ ಬಂದು ಕುಳಿತು ಲೆಕ್ಕ ಹಾಕಬೇಕೆಂದು ವಿನಂತಿ.

– ಕಾರ್ಯದರ್ಶಿ