ಗುಮ್ಮಟ, ಜಲಪಾತ, ದ್ವೀಪ: ನಾಲ್ಕು ದಿನದ ಲೆಕ್ಕ
ಹುಬ್ಬಳ್ಳಿ-ಧಾರವಾಡದಲ್ಲಿ ನೆಲೆಸಿದ ನಮ್ಮವರಿಗೆ ರಜೆ ಅಂದ್ರೆ ರಾತ್ರಿ ಬಸ್ಸು ಹತ್ತಿ ಊರು ಸೇರುವುದು. ದಾರಿಯ ನಾಡೆಲ್ಲ ಮಕ್ಕಳ ನಿದ್ದೆಯಲ್ಲೇ ಕಳೆದುಹೋಗುತ್ತದೆ. ದಸರಾ ರಜೆಯಲ್ಲಿ ನಾಲ್ಕು ದಿನ ಕೊಟ್ಟು ನೋಡಿ.

ಅಕ್ಟೋಬರ್ ಯಾಕೆ? ಬೇಸಿಗೆಯಲ್ಲಿ ಜೋಗ ಒಣಗುತ್ತದೆ, ಮಳೆಗಾಲದಲ್ಲಿ ಮಲ್ಪೆಯ ದೋಣಿ ನಿಲ್ಲುತ್ತದೆ. ಎರಡೂ ಸಿಗುವ ಕಾಲ ಇದೇ.

ಮೊದಲ ದಿನ ವಿಜಯಪುರ. ಹುಬ್ಬಳ್ಳಿಯಿಂದ ಸುಮಾರು 200 ಕಿ.ಮೀ. ಅಲ್ಲೇ ತಂಗಿ, ಮರುದಿನ ಬೆಳಿಗ್ಗೆ ಬೇಗ ಗೋಲ ಗುಮ್ಮಟಕ್ಕೆ ಹೋಗಿ. ಜನ ತುಂಬಿದ ಮೇಲೆ ಗದ್ದಲದಲ್ಲಿ ಪಿಸುಗುಟ್ಟುವ ಗ್ಯಾಲರಿಯ ಸೊಗಸು ತಿಳಿಯದು. ಮೇಲೇರಲು ಏಳು ಅಂತಸ್ತಿನ ಇಕ್ಕಟ್ಟು ಮೆಟ್ಟಿಲು. ಮೊಣಕಾಲು ನೋವಿರುವ ಉಮ್ಮನನ್ನು ಹತ್ತಿಸಬೇಡಿ, ಇಬ್ರಾಹಿಂ ರೋಜಾದ ಕೆತ್ತನೆ ತೋರಿಸಿ. ಸಂಜೆ ಮನೆಗೆ ವಾಪಸ್.

ಮೂರನೇ ದಿನ ಶಿರಸಿ, ಸಿದ್ದಾಪುರ ದಾಟಿ 253 ಮೀಟರ್ ಎತ್ತರದ ಜೋಗ. ಕತ್ತಲಾಗುವ ಮೊದಲೇ ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರದಲ್ಲಿ ತಂಗಿ.

ನಾಲ್ಕನೇ ದಿನ ಭಟ್ಕಳ ಮಾರ್ಗವಾಗಿ ಮಲ್ಪೆ, ಸೇಂಟ್ ಮೇರೀಸ್ ದ್ವೀಪ. ಅಲ್ಲಿಯ ಕಂಬದಂಥ ಕಲ್ಲುಗಳು ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ, ಸುಮಾರು 8.8 ಕೋಟಿ ವರ್ಷ ಹಳೆಯದು. ಕಲ್ಲು ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ. ಕುಡಿಯುವ ನೀರು ಜೊತೆಗಿರಲಿ. ಸಮುದ್ರ ಒರಟಾದರೆ ದೋಣಿ ಬಿಡುವುದಿಲ್ಲ. ಹಿಂದಿನ ದಿನವೇ ವಿಚಾರಿಸಿ. ಅಲ್ಲಿಂದ ಊರು ದೂರವಿಲ್ಲ, ರಾತ್ರಿಯೂಟಕ್ಕೆ ಮನೆ ಸೇರಬಹುದು.